ಬೆಲೆಯೊಳಗಿನ ತೆರಿಗೆ, ಬೆರಳ ಮೇಲಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದಾಗ ಒಂದು ಲೀಟರ್ ನಂದಿನಿ ತುಪ್ಪದ ಬೆಲೆ 650 ರೂಪಾಯಿಯಿಂದ 610ಕ್ಕೆ ಬಂತು. ತುಪ್ಪದ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು. ಹನ್ನೆರಡರಲ್ಲಿ ಐದು ಕಳೆದರೆ ಏಳು. 650ಕ್ಕೆ ಶೇ 7 ಅಂದರೆ 45 ರೂಪಾಯಿ 50 ಪೈಸೆ. ಹಾಗಾದರೆ ತುಪ್ಪ 604 ರೂಪಾಯಿ 50 ಪೈಸೆಗೆ ಸಿಗಬೇಕಿತ್ತಲ್ಲ, ಉಳಿದ ಐದೂವರೆ ರೂಪಾಯಿ ಯಾರ ಜೇಬಿಗೆ ಹೋಯಿತು? ಲೆಕ್ಕ ಗೊತ್ತಿರುವ ಯಾರಿಗಾದರೂ ಮೊದಲು ಏಳುವ ಪ್ರಶ್ನೆ ಇದೇ.

ಯಾರ ಜೇಬಿಗೂ ಹೋಗಿಲ್ಲ. ತಪ್ಪಿರುವುದು ಲೆಕ್ಕದಲ್ಲಿ. 650 ರೂಪಾಯಿ ಬರೀ ತುಪ್ಪದ ಬೆಲೆಯಲ್ಲ. ತುಪ್ಪದ ಮೂಲಬೆಲೆಗೆ ತೆರಿಗೆ ಸೇರಿ ಆದ ಮೊತ್ತ. ಮೂಲಬೆಲೆ ನೂರು ಇದ್ದಾಗ ಗ್ರಾಹಕ ಕೊಡುತ್ತಿದ್ದದ್ದು 112, ದರ ಇಳಿದ ಮೇಲೆ ಕೊಡಬೇಕಾದದ್ದು 105. ಅಂದರೆ ಏಳು ರೂಪಾಯಿ ಇಳಿದದ್ದು ನೂರಕ್ಕಲ್ಲ, ನೂರ ಹನ್ನೆರಡಕ್ಕೆ. 112ರಲ್ಲಿ 7 ಎಂದರೆ ಸರಿಯಾಗಿ ಹದಿನಾರರಲ್ಲೊಂದು ಪಾಲು. 650ರ ಹದಿನಾರರಲ್ಲೊಂದು ಪಾಲು ತಿಳಿಯಲು ಕ್ಯಾಲ್ಕುಲೇಟರ್ ಬೇಕಿಲ್ಲ, ನಾಲ್ಕು ಸಲ ಅರ್ಧ ಮಾಡಿದರೆ ಸಾಕು. 325, 162.50, 81.25, ಕೊನೆಗೆ 40 ರೂಪಾಯಿ 62 ಪೈಸೆ. ಅದನ್ನು 650ರಲ್ಲಿ ಕಳೆದರೆ 609 ರೂಪಾಯಿ 38 ಪೈಸೆ. ಹಾಲು ಮಹಾಮಂಡಳ ಅದನ್ನು 610 ಮಾಡಿತು. ಅದೇ ಹೊತ್ತಿಗೆ ಅರ್ಧ ಕಿಲೊ ಬೆಣ್ಣೆ 305 ರೂಪಾಯಿಯಿಂದ 286ಕ್ಕೆ ಇಳಿಯಿತು. 305ನ್ನೂ ನಾಲ್ಕು ಸಲ ಅರ್ಧ ಮಾಡಿ ನೋಡಿ, 19 ರೂಪಾಯಿ 6 ಪೈಸೆ ಬರುತ್ತದೆ. ಕಳೆದರೆ 285 ರೂಪಾಯಿ 94 ಪೈಸೆ. ತಾಳೆಯಾಯಿತು. (ತುಪ್ಪದ ಬೆಲೆ ನವೆಂಬರ್‌ನಲ್ಲಿ ಮತ್ತೆ ಏರಿತು. ಅದು ಬೆಲೆ ಪರಿಷ್ಕರಣೆ, ತೆರಿಗೆಯದಲ್ಲ.)

ತೆರಿಗೆಯನ್ನು ಬೆಲೆಯ ಮೇಲೆ ಹಾಕುವುದು ಒಂದು ಲೆಕ್ಕ, ಬೆಲೆಯೊಳಗಿಂದ ಹೊರತೆಗೆಯುವುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಬರುತ್ತದೆ. ನಮ್ಮ ದಿನನಿತ್ಯದ ಖರೀದಿಗೆ ಬೇಕಾಗಿರುವುದು ಎರಡನೆಯದು, ಅದರಲ್ಲೇ ಎಡವುತ್ತೇವೆ. ಪೊಟ್ಟಣದ ಮೇಲೆ ಅಚ್ಚಾಗುವ ಎಂಆರ್‌ಪಿ ಎಲ್ಲ ತೆರಿಗೆಗಳೂ ಸೇರಿದ ಬೆಲೆಯಾಗಿರಬೇಕು ಎಂಬುದು ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸರಕು ನಿಯಮಗಳ ಕಟ್ಟಳೆ. ಸೋಪು, ಬಿಸ್ಕತ್ತು, ಎಣ್ಣೆ, ಪೇಸ್ಟು, ಹೀಗೆ ಮನೆಗೆ ಬರುವ ಮುಕ್ಕಾಲು ಪಾಲು ಸಾಮಾನಿನಲ್ಲಿ ತೆರಿಗೆ ಒಳಗೇ ಕೂತಿರುತ್ತದೆ. ಆದ್ದರಿಂದ ಎಂಆರ್‌ಪಿಯ ಮೇಲೆ ಮತ್ತೆ ಜಿಎಸ್‌ಟಿ ಎಂದು ಯಾರಾದರೂ ಕೇಳಿದರೆ ಕೊಡಬೇಕಾಗಿಲ್ಲ. ಅಂಗಡಿಯಾಗಲಿ, ಮಾಲ್ ಆಗಲಿ, ಮಾತು ಒಂದೇ.

ಸುಲಭದ್ದನ್ನು ಮೊದಲು ಮುಗಿಸೋಣ. ಗ್ಯಾರೇಜಿನಲ್ಲಿ, ಟೈಲ್ಸ್ ಅಂಗಡಿಯಲ್ಲಿ, ಎಲೆಕ್ಟ್ರಿಕಲ್ ಸಾಮಾನಿನವರಲ್ಲಿ ರೇಟು ಕೇಳಿದರೆ ‘ಇಷ್ಟು, ಪ್ಲಸ್ ಜಿಎಸ್‌ಟಿ’ ಎನ್ನುತ್ತಾರೆ. ಅಲ್ಲಿ ತೆರಿಗೆಯನ್ನು ಹೊರಗಿನಿಂದ ಸೇರಿಸಬೇಕು. ಶೇ 5 ಆದರೆ ಹತ್ತರಲ್ಲೊಂದು ಪಾಲು ತೆಗೆದು ಅದರ ಅರ್ಧ. ಶೇ 18 ಆದರೆ ಹತ್ತರಲ್ಲೊಂದನ್ನು ಎರಡರಿಂದ ಗುಣಿಸಿ, ಬಂದದ್ದರಲ್ಲಿ ಹತ್ತರಲ್ಲೊಂದು ಕಳೆಯಿರಿ. ಗ್ಯಾರೇಜಿನ ಕೂಲಿ 745 ರೂಪಾಯಿ ಎನ್ನಿ. ಹತ್ತರಲ್ಲೊಂದು 74.50, ಅದರ ಎರಡರಷ್ಟು 149, ಅದರಲ್ಲಿ 14.90 ಕಳೆದರೆ 134 ರೂಪಾಯಿ 10 ಪೈಸೆ. ಬಿಲ್ ಬರೆಯುವವರ ಬೆರಳು ಕ್ಯಾಲ್ಕುಲೇಟರ್‌ನ ಗುಂಡಿ ಮುಟ್ಟುವ ಮೊದಲೇ ಉತ್ತರ ನಿಮ್ಮ ಬಾಯಲ್ಲಿರುತ್ತದೆ.

ಇನ್ನು ಹೊರತೆಗೆಯುವ ಲೆಕ್ಕ. ದರ್ಶಿನಿಯಲ್ಲಿ ಇಬ್ಬರು ತಿಂಡಿ ತಿಂದು ಕಾಫಿ ಕುಡಿದು 210 ರೂಪಾಯಿ ಕೊಟ್ಟರು. ಗೋಡೆಯ ಮೇಲಿನ ದರಪಟ್ಟಿಯಲ್ಲಿ ‘ಬೆಲೆಗಳು ತೆರಿಗೆ ಸೇರಿ’ ಎಂದಿದೆ. ಹೋಟೆಲಿನ ಊಟ ತಿಂಡಿಗೆ ತೆರಿಗೆ ಶೇ 5. ಈ 210ರಲ್ಲಿ ಸರ್ಕಾರದ ಪಾಲು ಎಷ್ಟು? ‘210ಕ್ಕೆ ಶೇ 5, ಹತ್ತೂವರೆ ರೂಪಾಯಿ’ ಎನ್ನುವುದು ತಪ್ಪು. ನೂರಕ್ಕೆ ಐದು ಸೇರಿ ನೂರೈದು ಆಗಿದೆ. 105ರಲ್ಲಿ 5 ತೆರಿಗೆಯಾದರೆ 210ರಲ್ಲಿ ಎಷ್ಟು? ಹತ್ತು. ತಿಂಡಿಯ ಬೆಲೆ 200, ತೆರಿಗೆ 10. ಅದರಲ್ಲಿ 5 ಕೇಂದ್ರಕ್ಕೆ, 5 ರಾಜ್ಯಕ್ಕೆ.

‘ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು’ ಎಂಬ ಈ ಕೇಳ್ವಿಗೆ ನಮ್ಮ ಗಣಿತದಲ್ಲಿ ತ್ರೈರಾಶಿಕ ಎಂದು ಹೆಸರು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ‘ವ್ಯವಹಾರ ಗಣಿತ’ದ ಕಾಲದಿಂದಲೂ ಪೇಟೆಯ ಲೆಕ್ಕಕ್ಕೆ ಆಧಾರ ಅದೇ. ಇವತ್ತಿನ ಜಿಎಸ್‌ಟಿ ನಿಯಮಾವಳಿಯ 35ನೇ ನಿಯಮ ಹೇಳುವುದೂ ಅದನ್ನೇ. ತೆರಿಗೆ ಸೇರಿದ ಮೊತ್ತವನ್ನು ದರದಿಂದ ಗುಣಿಸಿ, ನೂರಕ್ಕೆ ದರ ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು. ನಿಯಮದ ಭಾಷೆ ಬಿಗಿಯಾಗಿದೆ, ಒಳಗಿರುವ ಲೆಕ್ಕ ಮಾತ್ರ ಎಂಟನೇ ತರಗತಿಯದು.

ಪೇಟೆಯ ಗುಮಾಸ್ತರು ಇದನ್ನು ಇನ್ನೂ ಚಿಕ್ಕದು ಮಾಡಿಕೊಂಡಿದ್ದರು. ಶೇ 5 ಎಂದರೆ ಇಪ್ಪತ್ತರಲ್ಲೊಂದು. ಹೊರಗಿನಿಂದ ಹಾಕುವಾಗ ಇಪ್ಪತ್ತರಿಂದ ಭಾಗಿಸು, ಒಳಗಿನಿಂದ ತೆಗೆಯುವಾಗ ಇಪ್ಪತ್ತೊಂದರಿಂದ. ಒಂದು ಕೂಡಿಸಿದರೆ ಮುಗಿಯಿತು. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ವ್ಯಾಟ್ ಬಂದಾಗ ಮುಖ್ಯ ದರಗಳು ಶೇ 4 ಮತ್ತು ಶೇ 12.5 ಇದ್ದವು. ನಾಲ್ಕೆಂದರೆ ಇಪ್ಪತ್ತೈದರಲ್ಲೊಂದು, ಒಳಗಿನಿಂದ ಇಪ್ಪತ್ತಾರರಲ್ಲೊಂದು. ಹನ್ನೆರಡೂವರೆ ಎಂದರೆ ಎಂಟರಲ್ಲೊಂದು, ಒಳಗಿನಿಂದ ಒಂಬತ್ತರಲ್ಲೊಂದು. 900 ರೂಪಾಯಿಯ ಮಿಕ್ಸಿ ಜಾರ್‌ನಲ್ಲಿ ತೆರಿಗೆ ನೂರು ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ತಲೆ ಎತ್ತದೆ ಹೇಳುತ್ತಿದ್ದರು.

ಶೇ 18ಕ್ಕೆ ಈ ಸೂತ್ರ ಒಗ್ಗುವುದಿಲ್ಲ, ಏಕೆಂದರೆ ಹದಿನೆಂಟು ನೂರನ್ನು ಸಮವಾಗಿ ಭಾಗಿಸುವ ಸಂಖ್ಯೆಯಲ್ಲ. 118ರಲ್ಲಿ 18 ಎಂದರೆ 59ರಲ್ಲಿ 9. ಐವತ್ತೊಂಬತ್ತರ ಮಗ್ಗಿ ಯಾರಿಗೂ ಬಾರದು. ಆದರೆ 59ರಲ್ಲಿ 9ನ್ನು ಶೇಕಡಾ ಲೆಕ್ಕಕ್ಕೆ ತಂದರೆ 15.25 ಬರುತ್ತದೆ, ಮುಂದಿನ ದಶಮಾಂಶಗಳು ಲೆಕ್ಕಕ್ಕೆ ಬಾರದಷ್ಟು ಸಣ್ಣವು. ಹದಿನೈದೂಕಾಲು! ಹತ್ತರಲ್ಲೊಂದು ಪಾಲು ತೆಗೆಯಿರಿ, ಅದರ ಅರ್ಧ ಕೂಡಿಸಿ, ಆ ಅರ್ಧದ ಇಪ್ಪತ್ತರಲ್ಲೊಂದು ಕೂಡಿಸಿ. 2,360 ರೂಪಾಯಿ ಕೊಟ್ಟು ಒಂದು ಫ್ಯಾನ್ ತಂದಿದ್ದೀರಿ. ಹತ್ತರಲ್ಲೊಂದು 236. ಅರ್ಧ 118. ಅದರ ಇಪ್ಪತ್ತರಲ್ಲೊಂದು 5.90. ಒಟ್ಟು 359 ರೂಪಾಯಿ 90 ಪೈಸೆ. ನಿಜವಾದ ತೆರಿಗೆ 360. ಎರಡು ಸಾವಿರದ ಮೇಲಿನ ಮೊತ್ತದಲ್ಲಿ ಹತ್ತು ಪೈಸೆಯ ವ್ಯತ್ಯಾಸ, ಬಿಲ್ ಸರಿಯಿದೆಯೇ ಎಂದು ನೋಡಲು ಇಷ್ಟು ನಿಖರತೆ ಧಾರಾಳ. ಅದೇ 2,360ಕ್ಕೆ ನೇರವಾಗಿ ಶೇ 18 ಹಾಕಿದ್ದರೆ 424 ರೂಪಾಯಿ 80 ಪೈಸೆ ಬರುತ್ತಿತ್ತು. ತಪ್ಪು ಲೆಕ್ಕಕ್ಕೂ ಸರಿ ಲೆಕ್ಕಕ್ಕೂ ಅರವತ್ತೈದು ರೂಪಾಯಿಯಷ್ಟು ಅಂತರ.

ಶೇ 40ರ ಲೆಕ್ಕ ಇದಕ್ಕಿಂತ ಸಲೀಸು. 140ರಲ್ಲಿ 40 ಎಂದರೆ ಏಳರಲ್ಲಿ ಎರಡು ಪಾಲು. ಸೋಡಾ ತುಂಬಿದ ಸಿಹಿ ಪಾನೀಯಗಳಿಗೆ ಈಗ ಈ ದರ. 20 ರೂಪಾಯಿಯ ಬಾಟಲಿಯಲ್ಲಿ ತೆರಿಗೆಯೇ 5 ರೂಪಾಯಿ 71 ಪೈಸೆ.

ಹದಿನಾರರ ಲೆಕ್ಕಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಅದರ ಹಿಂದೆ ನಮ್ಮ ನಾಡಿನ ಮಾರಾಟ ತೆರಿಗೆಯ ಕಥೆಯೇ ಇದೆ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲದಲ್ಲಿ ಮದ್ರಾಸ್ ಪ್ರಾಂತ್ಯ 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದಿತು. ಆಗ ಆ ಪ್ರಾಂತ್ಯದ ಪ್ರಧಾನಿಯಾಗಿದ್ದವರು ಸಿ. ರಾಜಗೋಪಾಲಾಚಾರಿ. 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರುವಾದ ಪಾನನಿಷೇಧದಿಂದ ಅಬಕಾರಿ ಆದಾಯ ಕೈತಪ್ಪಿತ್ತು, ಅದನ್ನು ತುಂಬಿಕೊಳ್ಳಲು ಹೊಸ ದಾರಿ ಬೇಕಿತ್ತು. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಆಗ ಮದ್ರಾಸಿಗೇ ಸೇರಿದ್ದವು. ಹೀಗಾಗಿ ಕನ್ನಡ ನಾಡಿನಲ್ಲಿ ಈ ತೆರಿಗೆಯ ರುಚಿ ಮೊದಲು ಕಂಡವರು ಆ ಪೇಟೆಗಳ ವ್ಯಾಪಾರಿಗಳು. ಮೈಸೂರು ಸಂಸ್ಥಾನಕ್ಕೆ ಮಾರಾಟ ತೆರಿಗೆ ಕಾಯ್ದೆ ಬಂದದ್ದು 1948ರಲ್ಲಿ.

ಮದ್ರಾಸ್ ಕಾಯ್ದೆಯಲ್ಲಿ ಒಂದು ಹಂತದಲ್ಲಿ ಇದ್ದ ದರ ವಹಿವಾಟಿನ ಪ್ರತಿ ರೂಪಾಯಿಗೆ ಮೂರು ಪೈ. ರೂಪಾಯಿಗೆ 192 ಪೈ, ಅದರಲ್ಲಿ ಮೂರು ಎಂದರೆ ಅರವತ್ತನಾಲ್ಕರಲ್ಲೊಂದು. ದಿನದ ವಹಿವಾಟು 240 ರೂಪಾಯಿ ಆಗಿದ್ದರೆ ಕಿರ್ದಿ ಪುಸ್ತಕದ ಅಂಚಿನಲ್ಲಿ ಗುಮಾಸ್ತ ಆರು ಸಲ ಅರ್ಧ ಮಾಡುತ್ತಿದ್ದ. 120, 60, 30, 15, ಏಳೂವರೆ, ಮೂರೂಮುಕ್ಕಾಲು. ಮೂರು ರೂಪಾಯಿ ಹನ್ನೆರಡಾಣೆ ತೆರಿಗೆ. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಹಿಂದಿನವರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದದ್ದು ಸುಮ್ಮನೆ ಅಲ್ಲ. ನಾಣ್ಯವೇ ಅರ್ಧ, ಕಾಲುಗಳಲ್ಲಿ ಒಡೆಯುತ್ತಿದ್ದಾಗ ತೆರಿಗೆಯೂ ಹಾಗೇ ಒಡೆಯುತ್ತಿತ್ತು.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ಹುಬ್ಬಳ್ಳಿಗೆ ಮುಂಬೈನ ಮಾರಾಟ ತೆರಿಗೆ ಕಾಯ್ದೆ, ಕಲಬುರಗಿಗೆ ಹೈದರಾಬಾದಿನದು, ಮಂಗಳೂರಿಗೆ ಮದ್ರಾಸಿನದು, ಮೈಸೂರಿಗೆ ಮೈಸೂರಿನದು. ಒಂದೇ ರಾಜ್ಯದ ಒಂದೊಂದು ಮೂಲೆಯಲ್ಲಿ ಒಂದೊಂದು ಲೆಕ್ಕ. 1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾಂಶ ನಾಣ್ಯ ಬಂತು, ರೂಪಾಯಿಗೆ ನೂರು ನಯಾಪೈಸೆಯಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಕಾಯ್ದೆ ಜಾರಿಗೆ ಬಂತು. ಆಣೆ ಪೈಗಳ ಲೆಕ್ಕ ಕಲಿತಿದ್ದ ಒಂದು ತಲೆಮಾರಿನ ವ್ಯಾಪಾರಿಗಳು ಒಂದೇ ವರ್ಷದಲ್ಲಿ ನಾಣ್ಯವನ್ನೂ ಕಾಯ್ದೆಯನ್ನೂ ಹೊಸದಾಗಿ ಕಲಿಯಬೇಕಾಯಿತು. ಅವರ ಪಾಡು ನೆನೆದರೆ 2017ರ ಜುಲೈ 1ರಂದು ಜಿಎಸ್‌ಟಿಗೆ ಬದಲಾದ ಕಷ್ಟ ದೊಡ್ಡದೇನೂ ಅಲ್ಲ ಅನ್ನಿಸುತ್ತದೆ.

ಆ ಹಳೆಯ ಆಣೆಯ ಲೆಕ್ಕ 2025ರ ದರ ಇಳಿಕೆಗೆ ಅಚ್ಚರಿಯಾಗುವಷ್ಟು ಚೆನ್ನಾಗಿ ಒಗ್ಗುತ್ತದೆ. ಶೇ 12ರಿಂದ 5ಕ್ಕೆ ಇಳಿದ ಸರಕಿನ ಬೆಲೆ ರೂಪಾಯಿಗೆ ಒಂದಾಣೆ ಇಳಿಯಬೇಕು. ಚನ್ನಪಟ್ಟಣದ ಮರದ ಆಟಿಕೆಗಳು ಈ ಪಟ್ಟಿಯಲ್ಲಿವೆ. 560 ರೂಪಾಯಿ ಇದ್ದ ಆಟಿಕೆ 525 ಆಗಬೇಕು. ಶೇ 28ರಿಂದ 18ಕ್ಕೆ ಇಳಿದವಕ್ಕೆ 128ರಲ್ಲಿ 10, ಅಂದರೆ ಅರವತ್ತನಾಲ್ಕರಲ್ಲಿ ಐದು. ಆಣೆ ಭಾಷೆಯಲ್ಲಿ ರೂಪಾಯಿಗೆ ಒಂದಾಣೆ ಮೂರು ಪೈ. 32,000 ರೂಪಾಯಿಯ ದೊಡ್ಡ ಟಿವಿ 29,500 ಆಗಬೇಕು. ಶೇ 18ರಿಂದ 5ಕ್ಕೆ ಇಳಿದ ಸ್ನಾನದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗೆ 118ರಲ್ಲಿ 13, ಸುಮಾರಾಗಿ ಒಂಬತ್ತರಲ್ಲೊಂದು. 90 ರೂಪಾಯಿಯ ಸೋಪು 80ಕ್ಕೆ ಬರಬೇಕು. ‘ಹದಿಮೂರು ಪರ್ಸೆಂಟ್ ಇಳಿಯಿತು’ ಎಂದು ಎಣಿಸಿದವರಿಗೆ 78 ರೂಪಾಯಿ 30 ಪೈಸೆಯ ಆಸೆ ಇರುತ್ತದೆ, ಅದು ಆಗದ ಮಾತು. ಹಾಗೆಯೇ 90ರ ಸೋಪನ್ನು 86ಕ್ಕೆ ಮಾರಿ ‘ತೆರಿಗೆ ಇಳಿಸಿದ್ದೇವೆ’ ಎಂದರೆ ಅದನ್ನೂ ಒಪ್ಪಬೇಕಾಗಿಲ್ಲ. ಲೆಕ್ಕ ಬಂದವರು ಅಂಗಡಿಯವರ ಮೇಲೆ ಸುಳ್ಳು ಆರೋಪ ಹೊರಿಸುವುದೂ ಇಲ್ಲ, ಮೋಸ ಹೋಗುವುದೂ ಇಲ್ಲ.

ಬಿಲ್ಲಿನಲ್ಲಿ ಕಾಣುವ ಎರಡು ಸಾಲುಗಳ ಬಗ್ಗೆ ಒಂದು ಮಾತು. ರಾಜ್ಯದೊಳಗಿನ ಮಾರಾಟವಾದರೆ ತೆರಿಗೆಯನ್ನು ಅರ್ಧರ್ಧ ಮಾಡಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಬರೆಯುತ್ತಾರೆ. ಹೊರರಾಜ್ಯದಿಂದ ತರಿಸಿದರೆ ಐಜಿಎಸ್‌ಟಿ ಎಂದು ಒಂದೇ ಸಾಲು. ಅರ್ಧ ಮಾಡುವಾಗ ಒಂದೊಂದು ಪೈಸೆ ಹೆಚ್ಚು ಕಡಿಮೆಯಾಗುತ್ತದೆ. 45 ರೂಪಾಯಿಗೆ ಶೇ 5 ಎಂದರೆ 2.25. ಅದನ್ನೇ ಎರಡೂವರೆ, ಎರಡೂವರೆ ಎಂದು ಬೇರೆ ಬೇರೆ ಲೆಕ್ಕ ಹಾಕಿದರೆ 1.125 ಬಂದು, ಯಂತ್ರ ಅದನ್ನು 1.13 ಮಾಡಿ, ಎರಡೂ ಸೇರಿ 2.26 ಆಗುತ್ತದೆ. ಬಿಲ್ಲಿನ ಕೊನೆಯ ‘ರೌಂಡ್ ಆಫ್’ ಸಾಲು ಇಂಥ ಚಿಲ್ಲರೆಗಳನ್ನು ಸರಿಮಾಡಲು ಇರುವುದು. ಸರ್ಕಾರಕ್ಕೆ ಕಟ್ಟುವ ತೆರಿಗೆಗೆ ಕಾಯ್ದೆಯ 170ನೇ ಸೆಕ್ಷನ್‌ನಲ್ಲಿ ಸ್ಪಷ್ಟ ನಿಯಮವಿದೆ. ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಸೊನ್ನೆ. ಪೈಸೆಗಾಗಿ ಜಗಳ ಬೇಡ. ಐದು, ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಮಾತ್ರ ಮತ್ತೊಮ್ಮೆ ನೋಡಿ.

ರಿಯಾಯಿತಿಯಲ್ಲಿ ಮೋಸವಾಗುವ ಜಾಗ ಬೇರೆ. 1,000 ರೂಪಾಯಿಯ ಸಾಮಾನು, ಶೇ 18 ತೆರಿಗೆ, ಶೇ 10 ರಿಯಾಯಿತಿ. ಮೊದಲು ರಿಯಾಯಿತಿ ಕಳೆದು ತೆರಿಗೆ ಹಾಕಿದರೂ 1,062, ಮೊದಲು ತೆರಿಗೆ ಹಾಕಿ ಆಮೇಲೆ ರಿಯಾಯಿತಿ ಕಳೆದರೂ 1,062. ಗ್ರಾಹಕನಿಗೆ ವ್ಯತ್ಯಾಸವಿಲ್ಲ. ಆದರೆ ರಿಯಾಯಿತಿ ಶೇಕಡಾವಾರು ಅಲ್ಲದೆ ‘ನೂರು ರೂಪಾಯಿ ಬಿಡ್ತೀನಿ’ ಎಂಬ ಗಟ್ಟಿ ಮೊತ್ತವಾದಾಗ ಲೆಕ್ಕ ತಿರುಗುತ್ತದೆ. ಮೂಲಬೆಲೆಯಲ್ಲೇ ನೂರು ಬಿಟ್ಟರೆ 900ಕ್ಕೆ ತೆರಿಗೆ ಸೇರಿ 1,062. ತೆರಿಗೆ ಸೇರಿಸಿದ 1,180ರಲ್ಲಿ ನೂರು ಬಿಟ್ಟರೆ 1,080. ಹದಿನೆಂಟು ರೂಪಾಯಿ ಹೆಚ್ಚು. ಮಾರುವಾಗಲೇ ಕೊಟ್ಟು ಬಿಲ್ಲಿನಲ್ಲಿ ಬರೆದ ರಿಯಾಯಿತಿಯ ಮೇಲೆ ತೆರಿಗೆ ಇಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಚೌಕಾಸಿ ಮಾಡುವಾಗ ‘ಜಿಎಸ್‌ಟಿ ಹಾಕುವ ಮುಂಚೆಯೇ ಬಿಡಿ’ ಎಂದು ಕೇಳಿ.

ಎಲ್ಲ ಅಂಗಡಿಯವರೂ ತೆರಿಗೆ ಕೇಳುವ ಹಾಗಿಲ್ಲ ಎಂಬುದೂ ತಿಳಿದಿರಲಿ. ನೋಂದಣಿ ಇಲ್ಲದವರು ಜಿಎಸ್‌ಟಿ ಎಂದು ಒಂದು ಪೈಸೆಯನ್ನೂ ವಸೂಲು ಮಾಡುವಂತಿಲ್ಲ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟಿರುವ ಸಣ್ಣ ವ್ಯಾಪಾರಿಗಳು ‘ಕಾಂಪೊಸಿಷನ್’ ಪದ್ಧತಿಗೆ ಸೇರಬಹುದು. ಅವರು ವಹಿವಾಟಿನ ಶೇ 1ರಷ್ಟನ್ನು, ಹೋಟೆಲಿನವರಾದರೆ ಶೇ 5ರಷ್ಟನ್ನು, ತಮ್ಮ ಕೈಯಿಂದಲೇ ಕಟ್ಟಬೇಕು. ಬಿಲ್ಲಿನಲ್ಲಿ ಗ್ರಾಹಕನಿಂದ ಬೇರೆಯಾಗಿ ಕೇಳುವಂತಿಲ್ಲ. ಹಾಗೆಂದು ಬಿಲ್ಲಿನ ನೆತ್ತಿಯ ಮೇಲೆ ಬರೆದಿರಲೇಬೇಕು. ನೋಂದಾಯಿತರ ಬಿಲ್ಲಿನಲ್ಲಿ ಹದಿನೈದು ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಕರ್ನಾಟಕದ್ದಾದರೆ ಅದು 29ರಿಂದ ಶುರು, ನಂತರದ ಹತ್ತು ಅಕ್ಷರಗಳು ಮಾಲೀಕರ ಪ್ಯಾನ್ ಸಂಖ್ಯೆ. ಆ ಸಂಖ್ಯೆಯೇ ಇಲ್ಲದ ಚೀಟಿಯಲ್ಲಿ ‘ಜಿಎಸ್‌ಟಿ’ ಎಂಬ ಸಾಲಿದ್ದರೆ ಅದು ತೆರಿಗೆಯಲ್ಲ.

ವ್ಯಾಪಾರಿಗೂ ಕೈಲೆಕ್ಕ ಬೇಕು. ಬೀರು ಮಾಡುವವರೊಬ್ಬರು 10,000 ರೂಪಾಯಿಯ ತಗಡು ತಂದರು, ಮೇಲೆ 1,800 ತೆರಿಗೆ ಕೊಟ್ಟರು. ಬೀರು ಮಾಡಿ 16,000ಕ್ಕೆ ಮಾರಿ 2,880 ತೆರಿಗೆ ಪಡೆದರು. ಸರ್ಕಾರಕ್ಕೆ ಕಟ್ಟಬೇಕಾದದ್ದು ಇವೆರಡರ ವ್ಯತ್ಯಾಸ, 1,080. ಸರಿಯೇ ಎಂದು ನೋಡಲು ಒಂದು ದಾರಿಯಿದೆ. ಅವರು ತಗಡಿಗೆ ಸೇರಿಸಿದ ಬೆಲೆ 6,000, ಅದಕ್ಕೆ ಶೇ 18 ಹಾಕಿದರೆ ಅದೇ 1,080. ಹಳೆಯ ಮಾರಾಟ ತೆರಿಗೆಯಲ್ಲಿ ಕಟ್ಟಿದ ತೆರಿಗೆಯನ್ನು ಹೀಗೆ ಕಳೆದುಕೊಳ್ಳುವ ದಾರಿ ಇಲ್ಲದಿದ್ದಾಗ, ತೆರಿಗೆಯ ಮೇಲೆ ತೆರಿಗೆ ಬಿದ್ದು ಬೆಲೆ ಊದಿಕೊಳ್ಳುತ್ತಿತ್ತು. ವ್ಯಾಟ್ ಮತ್ತು ಜಿಎಸ್‌ಟಿ ಮಾಡಿದ ದೊಡ್ಡ ಉಪಕಾರ ಈ ಕಳೆಯುವ ಲೆಕ್ಕವೇ.

ಲೆಕ್ಕ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜುಲೈನಲ್ಲಿ ಕರ್ನಾಟಕ ಕಣ್ಣಾರೆ ಕಂಡಿತು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಬೂತು, ತರಕಾರಿ ಅಂಗಡಿ, ಎಲ್ಲರಿಗೂ ಗಾಬರಿ. ಎಷ್ಟೋ ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್ ಹೋಗಿ ‘ನಗದು ಮಾತ್ರ’ ಎಂಬ ಕಾಗದ ಬಂತು. ಉತ್ತರ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ವಹಿವಾಟಿಗೆ 29 ಲಕ್ಷದ ನೋಟಿಸ್ ಬಂದದ್ದು ದೇಶದಾದ್ಯಂತ ಸುದ್ದಿಯಾಯಿತು.

ಆ ಅಂಕಿಯನ್ನು ಕೈಯಲ್ಲಿ ಹಿಡಿದು ನೋಡಿ. 163 ಲಕ್ಷದ ಹತ್ತರಲ್ಲೊಂದು 16.3, ಎರಡರಷ್ಟು 32.6, ಅದರಲ್ಲಿ ಹತ್ತರಲ್ಲೊಂದು ಕಳೆದರೆ 29.34 ಲಕ್ಷ. ಒಟ್ಟು ಮೊತ್ತಕ್ಕೆ ಕಣ್ಣುಮುಚ್ಚಿ ಶೇ 18 ಹಾಕಿದರೆ ಬರುವ ಸಂಖ್ಯೆ ಇದೇ. ಪಡೆದ ಹಣದೊಳಗೇ ತೆರಿಗೆ ಇತ್ತೆಂದು ಹಿಡಿದರೆ, ಹತ್ತರಲ್ಲೊಂದು, ಅದರರ್ಧ, ಅದರ ಇಪ್ಪತ್ತರಲ್ಲೊಂದು ಸೇರಿ 24.86 ಲಕ್ಷ. ಮೇಲಿನಿಂದ ಹಾಕುವುದಕ್ಕೂ ಒಳಗಿನಿಂದ ತೆಗೆಯುವುದಕ್ಕೂ ನಾಲ್ಕೂವರೆ ಲಕ್ಷದ ಅಂತರ. ಇನ್ನು ತಾಜಾ ತರಕಾರಿಗೆ ತೆರಿಗೆಯ ದರವೇ ಸೊನ್ನೆ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಾಯಿಸಿಕೊಳ್ಳಬೇಕಾಗಿಲ್ಲ. 29 ಲಕ್ಷ, 25 ಲಕ್ಷ, ಸೊನ್ನೆ. ಒಂದೇ ವಹಿವಾಟಿಗೆ ಮೂರು ಉತ್ತರ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು. ಆದರೆ ಯಾವ ಸರಕಿಗೆ ಎಷ್ಟು ಎಂದು ಬೇರೆ ಬೇರೆ ಬರೆದಿಡುವ ಒಂದು ಕಿರ್ದಿ ಪುಸ್ತಕ ಇದ್ದವರು ಅಂಥ ನೋಟಿಸಿಗೆ ಒಂದೇ ಪುಟದಲ್ಲಿ ಉತ್ತರ ಬರೆಯಬಹುದು. ಬೂತಿನಲ್ಲಿ ಹಾಲಿನ ಜೊತೆ ಬಿಸ್ಕತ್ತನ್ನೂ ಮಾರುವವರು ಇವತ್ತೇ ಅಂಥದ್ದೊಂದು ಪುಸ್ತಕ ಇಡುವುದು ಒಳ್ಳೆಯದು, ಏಕೆಂದರೆ 40 ಲಕ್ಷದ ಮಿತಿ ನೋಡುವಾಗ ಎರಡರ ವಹಿವಾಟೂ ಸೇರುತ್ತದೆ, ತೆರಿಗೆ ಕಟ್ಟುವಾಗ ಬಿಸ್ಕತ್ತಿನದು ಮಾತ್ರ.

ಮಾರಾಟ ತೆರಿಗೆ ಎಂಬ ಹಳೆಯ ಹೆಸರಿನ ತೆರಿಗೆ ಪೂರ್ತಿ ಹೋಗಿಲ್ಲ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿವೆ. 1957ರ ಕಾಯ್ದೆಯಡಿಯೇ ರಾಜ್ಯ ಅವುಗಳ ಮೇಲೆ ತೆರಿಗೆ ಹಾಕುತ್ತದೆ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮೇಲಿನ ದರವನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಲಾಯಿತು. ಬಂಕಿನ ಚೀಟಿಯಲ್ಲಿ ಈ ತೆರಿಗೆ ಬೇರೆಯಾಗಿ ಕಾಣುವುದಿಲ್ಲ, ಕೇಂದ್ರದ ಅಬಕಾರಿ ಸುಂಕವೂ ಕಾಣುವುದಿಲ್ಲ. ಹೋಟೆಲಿನ ಹತ್ತು ರೂಪಾಯಿ ತೆರಿಗೆಯನ್ನು ಎರಡು ಸಾಲುಗಳಲ್ಲಿ ತೋರಿಸುವಾಗ, ಟ್ಯಾಂಕ್ ತುಂಬಿಸಿಕೊಂಡವನಿಗೆ ತಾನು ಕಟ್ಟಿದ ತೆರಿಗೆ ಎಷ್ಟೆಂದು ಚೀಟಿಯಲ್ಲಿ ಬರೆದು ಕೊಡದಿರುವುದು ಸರಿಯಲ್ಲ. ಅದನ್ನೂ ಮುದ್ರಿಸಬೇಕೆಂದು ನಾವು ಕೇಳಬೇಕು.

ಎಂಟನೇ ತರಗತಿಯ ಗಣಿತ ಮೇಷ್ಟ್ರು, ಮೇಡಂಗಳಲ್ಲಿ ಒಂದು ವಿನಂತಿ. ಶೇಕಡಾ ಲೆಕ್ಕದ ಪಾಠ ಬಂದಾಗ ಮಕ್ಕಳಿಗೆ ತಮ್ಮ ಮನೆಯ ಬಿಲ್ಲುಗಳನ್ನೇ ತರಲು ಹೇಳಿ. ಔಷಧಿ ಅಂಗಡಿಯದು, ಚಪ್ಪಲಿ ಅಂಗಡಿಯದು, ಹೋಟೆಲಿನದು. ಯಾವುದರಲ್ಲಿ ತೆರಿಗೆ ಹೊರಗಿದೆ, ಯಾವುದರಲ್ಲಿ ಒಳಗಿದೆ ಎಂದು ಅವರೇ ಬೇರೆ ಮಾಡಲಿ. ಆ ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನಿಗೂ ಹೇಳಿಕೊಡುತ್ತಾರೆ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಹೋಟೆಲಿನಲ್ಲಿ ‘ತೆರಿಗೆ ಸೇರಿ’ ಎಂದ ಬಿಲ್ ಬಂದಾಗ ಇಪ್ಪತ್ತೊಂದರಿಂದ ಭಾಗಿಸಿ, ಅಲ್ಲಿ ಬರೆದ ತೆರಿಗೆಯ ಜೊತೆ ಹೋಲಿಸಿ. ತಾಳೆಯಾಗದಿದ್ದರೆ ಮೊದಲು ಗಲ್ಲಾದಲ್ಲಿ ಕೂತವರನ್ನೇ ಸಮಾಧಾನವಾಗಿ ಕೇಳಿ. ಬಹಳಷ್ಟು ಸಲ ಯಂತ್ರದಲ್ಲಿ ದರ ತಪ್ಪಾಗಿ ನಮೂದಾಗಿರುತ್ತದೆ, ಅಷ್ಟೆ. ಎಂಆರ್‌ಪಿಯ ಮೇಲೆ ತೆರಿಗೆ ಹಾಕಿದ್ದರೆ, ಇಳಿದ ತೆರಿಗೆಯ ಲಾಭ ಕೊಡದಿದ್ದರೆ, ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಸಂಖ್ಯೆ 1915.